ಕೊಕ್ಕೆ ತುದಿ ಮುರಿದವರ ಹೊಳೆ

ಅಮೆರಿಕದ ಓರೆಗಾನ್ ರಾಜ್ಯದಲ್ಲಿ ಸ್ಟೀಮ್‌ಬೋಟ್ ಕ್ರೀಕ್ ಅಂತ ಒಂದು ಹೊಳೆ ಇದೆ. 1932ರಿಂದ ಅದರಲ್ಲಿ ಯಾರೂ ಗಾಳ ಹಾಕುವಂತಿಲ್ಲ. ದೊಡ್ಡ ಹೊಳೆಯೇನಲ್ಲ. ಕಾಡಿನಿಂದ ಇಳಿದು ಬಂದು ನಾರ್ತ್ ಅಂಪ್‌ಕ್ವಾ ನದಿಗೆ ಸೇರುತ್ತದೆ. ಆದರೆ ಸ್ಟೀಲ್‌ಹೆಡ್ ಮೀನಿನ ಹುಚ್ಚು ಹತ್ತಿದವರಿಗೆ ಈ ಎರಡು ಹೆಸರು ಗೊತ್ತಿಲ್ಲದೆ ಇರೋದಿಲ್ಲ. ಮೇಲಿನ ಹೊಳೆಯಲ್ಲಿ ಮೀನು ಮೊಟ್ಟೆ ಇಡುತ್ತವೆ, ಕೆಳಗಿನ ನದಿಯಲ್ಲಿ ಜನ ರಾಡ್ ಹಿಡಿದು ನಿಲ್ಲುತ್ತಾರೆ. ಮೇಲೆ ಮುಚ್ಚಿಟ್ಟಿದ್ದರಿಂದಲೇ ಕೆಳಗೆ ಇನ್ನೂ ಮೀನು ಉಳಿದಿದೆ. ಆ ದಡದಲ್ಲಿ ವರ್ಷಗಟ್ಟಲೆ ಓಡಾಡಿದ ಮೇಲೆ ನನಗೆ ಬರೆಯಬೇಕು ಅನ್ನಿಸಿದ್ದು ಇದರ ಬಗ್ಗೆಯೇ. ಈ ನದಿಯ ಮೀನನ್ನು ಉಳಿಸಿದವರಲ್ಲಿ ಜಾಸ್ತಿ ಜನ ಮೀನು ಹಿಡಿಯುವವರೇ. ಹಿಡಿಯೋ ಆಸೆ ಇಟ್ಟುಕೊಂಡೇ, ಹಿಡಿಯೋದನ್ನ ಒಂದೊಂದಾಗಿ ಕಮ್ಮಿ ಮಾಡಿಕೊಂಡು ಬಂದವರು.

ಮೊದಲು ಮೀನಿನ ವಿಷಯ ಹೇಳಿಬಿಡ್ತೀನಿ.

ರೇನ್‌ಬೋ ಟ್ರೌಟ್ ಅಂತ ಕೇಳಿರ್ತೀರಿ. ಬ್ರಿಟಿಷರು 20ನೇ ಶತಮಾನದ ಶುರುವಿನಲ್ಲಿ ನೀಲಗಿರಿಯ ಹೊಳೆಗಳಿಗೆ ತಂದು ಬಿಟ್ಟ ಮೀನು. ಊಟಿ ಹತ್ತಿರ ಅವಲಾಂಚಿಯಲ್ಲಿ ಅದರ ಮರಿ ಮಾಡಿಸುವ ಕೇಂದ್ರ ಇದೆ. ಸ್ಟೀಲ್‌ಹೆಡ್ ಅಂದರೆ ಅದೇ ಮೀನು. ಬೇರೆ ಜಾತಿ ಅಲ್ಲ. ವಿಜ್ಞಾನಿಗಳು ಎರಡನ್ನೂ ಆಂಕೋರಿಂಕಸ್ ಮೈಕಿಸ್ ಅಂತಲೇ ಕರೆಯುತ್ತಾರೆ. ಹುಟ್ಟಿದ ಹೊಳೆಯಲ್ಲೇ ಬಾಳಿದರೆ ಅದು ರೇನ್‌ಬೋ ಟ್ರೌಟ್. ಸಮುದ್ರಕ್ಕೆ ಹೋಗಿ ವಾಪಸ್ ಬಂದರೆ ಸ್ಟೀಲ್‌ಹೆಡ್. ಸಣ್ಣ ಹೊಳೆಯಲ್ಲೇ ಉಳಿದದ್ದು ಸಾಮಾನ್ಯವಾಗಿ ಅಂಗೈಗಿಂತ ಸ್ವಲ್ಪ ಉದ್ದ ಬೆಳೆಯುತ್ತದೆ, ಅಷ್ಟೇ. ಸಮುದ್ರ ಕಂಡು ಬಂದದ್ದು ಮೊಣಕಾಲುದ್ದ ಇರುತ್ತದೆ.

ಹೆಣ್ಣು ಮೀನು ಬಾಲ ಬಡಿದು ಬಡಿದು ನದಿತಳದ ಜಲ್ಲಿಯಲ್ಲಿ ಗುಂಡಿ ತೋಡಿ ಮೊಟ್ಟೆ ಇಡುತ್ತದೆ. ಮರಿಗಳು ಸಾಮಾನ್ಯವಾಗಿ ಎರಡು ವರ್ಷ ಹೊಳೆಯಲ್ಲಿ ಹುಳಹುಪ್ಪಟೆ ತಿಂದುಕೊಂಡು ಇರುತ್ತವೆ. ಆಮೇಲೆ ಒಂದು ವಸಂತದಲ್ಲಿ ಮೈಮೇಲಿನ ಮಚ್ಚೆಗಳೆಲ್ಲ ಮಾಸಿ ಬೆಳ್ಳಗಾಗಿ ಕಡಲಿಗೆ ಇಳಿಯುತ್ತವೆ. ಪೆಸಿಫಿಕ್ ಸಾಗರದಲ್ಲಿ ಒಂದೋ ಎರಡೋ ಮೂರೋ ವರ್ಷ ಕಳೆದು, ಹುಟ್ಟಿದ ನೀರಿನ ವಾಸನೆ ಹಿಡಿದು ಮತ್ತೆ ಮೇಲೆ ಹತ್ತುತ್ತವೆ. ಪೆಸಿಫಿಕ್ ಸಾಲ್ಮನ್‌ಗಳು ಮೊಟ್ಟೆ ಇಟ್ಟ ಮೇಲೆ ಸಾಯುತ್ತವೆ. ಸ್ಟೀಲ್‌ಹೆಡ್ ಹಾಗಲ್ಲ. ಬದುಕಿದ ಕೆಲವು ಮತ್ತೆ ಸಮುದ್ರಕ್ಕೆ ಹೋಗಿ ಇನ್ನೊಮ್ಮೆ ಬರುತ್ತವೆ.

ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೊದಲ ಮಳೆಗೆ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಏರಿ ಬರುವ ಹತ್ತುಮೀನನ್ನು ನೋಡಿಯೇ ಬೆಳೆದವರು ನಾವು. ನಮ್ಮ ಅಪ್ಪ ಜೂನ್‌ನಲ್ಲಿ ಮೀನು ಬೀಳಿಸುವ ಕೂಣಿ ಇಟ್ಟು ರಾತ್ರಿಯಿಡೀ ಕಾಯುತ್ತಿದ್ದರು. ಆದರೆ ಹತ್ತುಮೀನಿನ ಕೆಲಸ ಕೆಲವೇ ದಿನದ್ದು. ನಾರ್ತ್ ಅಂಪ್‌ಕ್ವಾದ ಬೇಸಿಗೆ ಸ್ಟೀಲ್‌ಹೆಡ್ ಮೇ, ಜೂನ್ ಹೊತ್ತಿಗೆ ನದಿಗೆ ಬರುತ್ತದೆ. ಮೊಟ್ಟೆ ಇಡೋದು ಮುಂದಿನ ಚಳಿಗಾಲ ಕಳೆಯುವ ಹೊತ್ತಿಗೆ. ಅಲ್ಲಿಯ ತನಕ ಅರ್ಧ ವರ್ಷಕ್ಕೂ ಜಾಸ್ತಿ ನದಿಯಲ್ಲೇ ಕಾಯುತ್ತದೆ. ಅಷ್ಟು ದಿನವೂ ಹೆಚ್ಚೂಕಮ್ಮಿ ಉಪವಾಸ. ಕಡಲಲ್ಲಿ ತಿಂದು ಮೈಗೆ ಸೇರಿಸಿಕೊಂಡ ಕೊಬ್ಬೇ ಬಂಡವಾಳ. ನೀರು ಬಿಸಿಯಾದರೆ ಆ ಕೊಬ್ಬು ಬೇಗ ಕರಗುತ್ತದೆ. ಅದಕ್ಕೇ ಅವಕ್ಕೆ ತಣ್ಣೀರಿನ ಮಡು ಬೇಕೇಬೇಕು. ಈ ನದಿಯಲ್ಲಿ ನಡೆದ ಜಗಳ, ಹೋರಾಟ, ಕಾವಲು, ಎಲ್ಲದರ ಹಿಂದೆ ಇರೋದು ಈ ತಣ್ಣೀರೇ.

ಇನ್ನೊಂದು ವಿಷಯ ಹೇಳದೆ ಮುಂದೆ ಹೋಗೋಕೆ ಮನಸ್ಸಾಗ್ತಿಲ್ಲ. ಪಕ್ಕದ ವಾಷಿಂಗ್ಟನ್ ರಾಜ್ಯದ ಎಲ್ವಾ ನದಿಗೆ 20ನೇ ಶತಮಾನದ ಶುರುವಿನಲ್ಲಿ ಎರಡು ಅಣೆಕಟ್ಟು ಕಟ್ಟಿದ್ದರು. ಮೀನು ಹತ್ತೋಕೆ ದಾರಿಯನ್ನೇ ಇಟ್ಟಿರಲಿಲ್ಲ. ಮೇಲೆ ಸಿಕ್ಕಿಹಾಕಿಕೊಂಡವು ತಲೆಮಾರುಗಟ್ಟಲೆ ಸುಮ್ನೆ ಟ್ರೌಟ್ ಆಗಿಯೇ ಬಾಳಿದವು. 2011ರಿಂದ 2014ರ ನಡುವೆ ಎರಡೂ ಅಣೆಕಟ್ಟು ಒಡೆದು ತೆಗೆದರು. ಆಮೇಲೆ ಆ ನದಿಯಲ್ಲಿ ಬೇಸಿಗೆ ಸ್ಟೀಲ್‌ಹೆಡ್ ಮತ್ತೆ ಕಾಣಿಸಿಕೊಂಡಿತು. ಅವುಗಳ ವಂಶವಾಹಿ ಪರೀಕ್ಷೆ ಮಾಡಿದವರು ಹೇಳೋದು, ಅಣೆಕಟ್ಟಿನ ಮೇಲೆ ಸೆರೆಯಾಗಿದ್ದ ಟ್ರೌಟ್‌ಗಳಲ್ಲೇ ಆ ಗುಣ ಉಳಿದುಕೊಂಡಿತ್ತು ಅಂತ. ಸುಮಾರು ನೂರು ವರ್ಷ ಸಮುದ್ರ ನೋಡದ ಮೀನಿನ ಮರಿಗಳು ದಾರಿ ಬಿಟ್ಟ ಕೂಡಲೇ ಸಮುದ್ರಕ್ಕೆ ಹೊರಟವು! ಇದನ್ನು ಓದಿದ ದಿನ ನಾನು ಕಂಡಕಂಡವರಿಗೆಲ್ಲ ಹೇಳಿಕೊಂಡು ಓಡಾಡಿದ್ದೆ.

ಈಗ ಹಿಡಿಯೋ ಕೆಲಸಕ್ಕೆ ಬರ್ತೀನಿ.

ನಾರ್ತ್ ಅಂಪ್‌ಕ್ವಾದಲ್ಲಿ ಸುಮಾರು 31 ಮೈಲಿ ಉದ್ದಕ್ಕೆ ಫ್ಲೈ ಬಿಟ್ಟರೆ ಬೇರೆ ಏನೂ ಹಾಕುವಂತಿಲ್ಲ. ಫ್ಲೈ ಅಂದರೆ ಕೊಕ್ಕೆಗೆ ಗರಿ, ಕೂದಲು, ದಾರ ಸುತ್ತಿ ಮಾಡಿದ ನಕಲಿ ಹುಳು. ಎರೆಹುಳ ಇಲ್ಲ, ಮೀನಿನ ಮೊಟ್ಟೆ ಇಲ್ಲ, ತಿರುಗುವ ಲೋಹದ ತಗಡೂ ಇಲ್ಲ. ಬೇಸಿಗೆಯಲ್ಲಿ ಫ್ಲೈಗೆ ತೂಕ ಕಟ್ಟುವ ಹಾಗೂ ಇಲ್ಲ. ಕೊಕ್ಕೆ ಒಂದೇ, ಅದಕ್ಕೆ ಹಿಮ್ಮುಳ್ಳು ಇರಬಾರದು. ನದಿಯ ನೀರು ಹಸಿರು, ತಳ ಪೂರ್ತಿ ಹಾಸುಬಂಡೆ. ಕಾಲಿಟ್ಟಲ್ಲಿ ಜಾರುತ್ತದೆ. ಹಾಗಾಗಿ ಇಲ್ಲಿಗೆ ಬರುವವರು ಬೂಟಿನ ಅಡಿಗೆ ಲೋಹದ ಮೊಳೆ ಹಾಕಿಸಿಕೊಂಡಿರುತ್ತಾರೆ. ಮಡುಗಳಿಗೆಲ್ಲ ಹೆಸರಿದೆ. ಒಂದಕ್ಕೆ ಕಿಚನ್, ಇನ್ನೊಂದಕ್ಕೆ ಬೋಟ್. ಮತ್ತೊಂದು ಟಾಕಾಹಾಶಿ. 1930ರ ದಶಕದಲ್ಲಿ ಕಾದಂಬರಿಕಾರ ಝೇನ್ ಗ್ರೇ ಬೇಸಿಗೆಯಲ್ಲಿ ಇಲ್ಲಿ ಬಿಡಾರ ಹೂಡುತ್ತಿದ್ದ. ಟಾಕಾಹಾಶಿ ಅವನ ಜಪಾನಿ ಅಡುಗೆಯವರು. ಅವರ ಹೆಸರು ನೀರಿನ ಮೇಲೆ ಉಳಿದಿದೆ ಅನ್ನೋದು ನನಗೆ ಯಾಕೋ ತುಂಬ ಇಷ್ಟ.

ದಡದ ತನಕ ಮರ, ಮರದ ಹಿಂದೆ ಗುಡ್ಡ. ಲೈನನ್ನು ಹಿಂದಕ್ಕೆ ಬೀಸೋಕೆ ಜಾಗವೇ ಇರೋದಿಲ್ಲ. ಅದಕ್ಕೆ ಎರಡು ಕೈಯಲ್ಲಿ ಹಿಡಿಯುವ 12, 13 ಅಡಿಯ ರಾಡ್ ಬಳಸುತ್ತಾರೆ. ಸ್ಕಾಟ್ಲೆಂಡ್‌ನ ಸ್ಪೇ ನದಿಯಿಂದ ಬಂದ ವಿದ್ಯೆ ಇದು. ಲೈನಿನ ತುದಿಯನ್ನು ನೀರಿನ ಮೇಲೇ ಕೂರಿಸಬೇಕು. ಪಕ್ಕದಲ್ಲಿ ಇಂಗ್ಲಿಷಿನ ಡಿ ಅಕ್ಷರದ ಹಾಗೆ ಲೈನು ಬಾಗಬೇಕು. ನೀರು ತುದಿಯನ್ನು ಹಿಡಿದುಕೊಂಡ ಆ ಗಳಿಗೆಯಲ್ಲಿ ಕೆಳಗಿನ ಕೈಯನ್ನು ಹೊಟ್ಟೆ ಕಡೆ ಎಳೆದು ರಾಡ್ ಮುಂದಕ್ಕೆ ತಳ್ಳಿದರೆ ಲೈನು ಎದ್ದು ನದಿಯ ಮೇಲೆ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ. ಬಲ ಹಾಕಿದಷ್ಟೂ ಕೆಡುತ್ತದೆ. ಕಲಿಸುವವರು ದಿನಕ್ಕೆ ನೂರು ಸಲ ಹೇಳೋದು ಒಂದೇ ಮಾತು, ನಿಧಾನ.

ಫ್ಲೈ ಆಚೆ ದಡದ ಕಡೆ ಓರೆಯಾಗಿ ಬೀಳುತ್ತದೆ. ಸೆಳವು ಲೈನನ್ನು ಹಿಡಿದು ಕೆಳಗೆ ತಳ್ಳುತ್ತದೆ. ಫ್ಲೈ ಅರ್ಧಚಂದ್ರದ ದಾರಿಯಲ್ಲಿ ನದಿಯನ್ನು ದಾಟಿಕೊಂಡು ಈಚೆಗೆ ಬರುತ್ತದೆ. ನಡುವೆ ಲೈನು ಹೊಟ್ಟೆ ಬಿಟ್ಟರೆ ಫ್ಲೈ ಓಡಿಬಿಡುತ್ತದೆ. ಆಗ ರಾಡ್ ತುದಿಯಿಂದ ಲೈನನ್ನು ಎತ್ತಿ ಮೇಲ್ಗಡೆಗೆ ಮಗುಚಬೇಕು. ಕೊನೆಗೆ ಫ್ಲೈ ನಮ್ಮ ನೇರ ಕೆಳಗೆ ಬಂದು ನಿಲ್ಲುತ್ತದೆ. ಸ್ವಲ್ಪ ಹೊತ್ತು ಹಾಗೇ ಬಿಡಬೇಕು. ಆಮೇಲೆ ಎರಡು ಹೆಜ್ಜೆ ಕೆಳಗೆ ಇಳಿದು ಮತ್ತೆ ಮೊದಲಿಂದ. ಒಂದು ಮಡು ಮುಗಿಯೋ ಹೊತ್ತಿಗೆ ಅದರ ಪ್ರತಿ ಗೇಣು ನೀರಿನ ಮೇಲೂ ಫ್ಲೈ ಹಾದು ಹೋಗಿರುತ್ತದೆ. ಇಷ್ಟಾದರೂ ಮೀನು ಸಿಗುತ್ತದೆ ಅಂತೇನಿಲ್ಲ. ಸಾವಿರ ಸಲ ಬೀಸಿದರೆ ಒಂದು ಮೀನು ಅನ್ನೋ ಮಾತು ಇಲ್ಲಿ ಎಲ್ಲರ ಬಾಯಲ್ಲೂ ಇದೆ.

ನನ್ನ ಡಬ್ಬಿಯಲ್ಲಿ ಜಾಸ್ತಿ ಇರೋದು ಗ್ರೀನ್ ಬಟ್ ಸ್ಕಂಕ್ ಅನ್ನೋ ಫ್ಲೈ. ಕಪ್ಪು ಮೈ, ಅದರ ಸುತ್ತ ಬೆಳ್ಳಿ ಜರಿ, ಕೆಂಪು ಬಾಲ, ಬಾಲದ ಬುಡದಲ್ಲಿ ಕಣ್ಣು ಕುಕ್ಕುವ ಹಸಿರು, ಮೇಲೆ ಬಿಳಿ ಕೂದಲಿನ ರೆಕ್ಕೆ. ಭೂಮಿಯ ಮೇಲಿನ ಯಾವ ಹುಳುವೂ ಹಾಗಿರೋದಿಲ್ಲ. ಉಪವಾಸ ಇರುವ ಮೀನು ಇದಕ್ಕೆ ಯಾಕೆ ಬಾಯಿ ಹಾಕುತ್ತದೆ? ಸಿಟ್ಟಿಗೆ ಅನ್ನುವವರಿದ್ದಾರೆ, ಮರಿಯಾಗಿದ್ದಾಗಿನ ಅಭ್ಯಾಸ ಅನ್ನುವವರಿದ್ದಾರೆ. ನನಗೆ ಒಪ್ಪಿಗೆಯಾಗೋದು ಕುತೂಹಲ ಅನ್ನೋ ಮಾತು. ಮೀನಿಗೆ ಕೈ ಇಲ್ಲ. ಏನನ್ನಾದರೂ ಮುಟ್ಟಿ ನೋಡಬೇಕಾದರೆ ಅದು ಬಾಯಲ್ಲೇ ಮುಟ್ಟಬೇಕು, ಅಲ್ವಾ?

ಮುಟ್ಟಿದಾಗ ಮೊದಲು ಲೈನು ಸ್ವಲ್ಪ ಭಾರವಾಗುತ್ತದೆ. ಎಲೆ ಸಿಕ್ಕಿತೇನೋ ಅನ್ನಿಸುತ್ತದೆ. ಆಗ ಕೈ ಎತ್ತಲೇಬಾರದು. ಎತ್ತಿದರೆ ಫ್ಲೈ ಬಾಯಿಂದ ಆಚೆ ಬರುತ್ತದೆ. ಬೆರಳಿನ ಕೆಳಗೆ ಸಡಿಲ ಬಿಟ್ಟಿದ್ದ ಒಂದು ಸುತ್ತು ಲೈನನ್ನು ಮೀನು ತಾನಾಗಿ ಎಳೆದುಕೊಳ್ಳಬೇಕು. ಅದು ಮುಗಿದ ಮೇಲೆ ರೀಲು ಒಂದು ಸಲ ಗುರ್ ಅನ್ನುತ್ತದೆ. ತಕ್ಷಣ ಇನ್ನೊಂದು ಸಲ, ಈಗ ನಿಲ್ಲದೆ. ಲೈನು ನೀರನ್ನು ಸೀಳಿಕೊಂಡು ಕೆಳಗೆ ಹೋಗುತ್ತಿರುತ್ತದೆ. ನೀವು ನೋಡುತ್ತಿರುವ ಕಡೆಯಲ್ಲದೆ ಬೇರೆಲ್ಲೋ ಮೀನು ಗಾಳಿಗೆ ಹಾರುತ್ತದೆ. ಎದೆ ಬಾಯಿಗೆ ಬರೋದು ಅಂದರೆ ಏನು ಅಂತ ಆಗ ಗೊತ್ತಾಗುತ್ತದೆ.

ಸಿಕ್ಕ ಕಾಡುಮೀನನ್ನು ನೀರಿಂದ ಎತ್ತದೆ ಹಾಗೇ ಬಿಡಬೇಕು. ಸಾಕಣೆ ಕೇಂದ್ರದಲ್ಲಿ ಹುಟ್ಟಿ ಬಂದದ್ದಾದರೆ ಬೆನ್ನಿನ ಹಿಂಭಾಗದ ಚಿಕ್ಕ ಈಜುರೆಕ್ಕೆಯನ್ನು ಮರಿಯಲ್ಲೇ ಕತ್ತರಿಸಿ ಗುರುತು ಮಾಡಿರುತ್ತಾರೆ. ಆ ರೆಕ್ಕೆ ಇದ್ದರೆ ಅದು ಕಾಡಿನದ್ದು.

ಅಪ್ಪ, ಅಮ್ಮ ಬೇಸಿಗೆಗೆ ಇಲ್ಲಿಗೆ ಬಂದಿದ್ದಾಗ ಅಪ್ಪ ಕಾರಲ್ಲಿ ಕೇಳಿದರು.

“ಬಿಡೋದಾದ್ರೆ ಹಿಡಿಯೋದು ಯಾಕೆ ಮಗಾ?”

ನಾನು ಉತ್ತರ ಹೇಳಲಿಲ್ಲ. ಸ್ಟೀಮ್‌ಬೋಟ್ ಕ್ರೀಕ್ ರಸ್ತೆಗೆ ಕಾರು ತಿರುಗಿಸಿದೆ. ಅಲ್ಲಿಂದ ಸುಮಾರು ಹತ್ತು ಮೈಲಿ ಮೇಲೆ ಬಿಗ್ ಬೆಂಡ್ ಅನ್ನೋ ಮಡು ಇದೆ. ಬೇಸಿಗೆಯಲ್ಲಿ ಸ್ಟೀಮ್‌ಬೋಟ್ ಕ್ರೀಕ್‌ನ ನೀರು ಮೀನಿಗೆ ತಡೆಯಲಾರದಷ್ಟು ಬಿಸಿಯಾಗುತ್ತದೆ. ಆದರೆ ಆ ಜಾಗದಲ್ಲಿ ಬಿಗ್ ಬೆಂಡ್ ಕ್ರೀಕ್ ಅನ್ನೋ ತಣ್ಣನೆಯ ತೊರೆ ಬಂದು ಸೇರುತ್ತದೆ. ಹಾಗಾಗಿ ನೂರಾರು ಸ್ಟೀಲ್‌ಹೆಡ್ ಆ ಒಂದೇ ಮಡುವಿನಲ್ಲಿ ಒತ್ತೊತ್ತಾಗಿ ನಿಂತು ಮಳೆಗಾಲ ಕಾಯುತ್ತವೆ. ಕದ್ದು ಹಿಡಿಯುವವರಿಗೆ ಇದಕ್ಕಿಂತ ಸುಲಭದ ಜಾಗ ಇನ್ನೆಲ್ಲಿ? ಹಿಂದೆ ಈ ಮಡುವಿಗೆ ಡೈನಮೈಟ್ ಹೋಲ್ ಅಂತಲೇ ಹೆಸರಿತ್ತು. ತೋಟೆ ಎಸೆದು ಮೀನು ಹೊಡೆಯುತ್ತಿದ್ದರು. ನಮ್ಮ ಹೊಳೆಗಳಲ್ಲೂ ತೋಟೆ ಹಾಕಿದ್ದನ್ನು ಕಂಡವರಿಗೆ ಆಮೇಲೆ ನೀರು ಹೇಗಿರುತ್ತದೆ ಅಂತ ಗೊತ್ತು.

1999ರಲ್ಲಿ ಲೀ ಸ್ಪೆನ್ಸರ್ ಅನ್ನುವವರು ಅಲ್ಲಿ ಕಾವಲು ಕೂತರು. ಪುರಾತತ್ವದ ಕೆಲಸ ಮಾಡಿದವರು, ಸ್ವತಃ ಫ್ಲೈ ಹಾಕುವವರು. ನಾರ್ತ್ ಅಂಪ್‌ಕ್ವಾ ಫೌಂಡೇಶನ್ ಬೆಂಬಲಕ್ಕೆ ನಿಂತಿತು. ಒಂದು ಟ್ರೇಲರ್, ಜೊತೆಗೆ ಒಂದು ನಾಯಿ. ಮೇ ತಿಂಗಳಲ್ಲಿ ಬಂದರೆ ಚಳಿಗಾಲದ ಮಳೆಗೆ ಹೊಳೆ ಏರುವ ತನಕ ಅಲ್ಲೇ. ಹೀಗೆ ಹತ್ತಾರು ವರ್ಷ. ಕಾವಲು ಕೂತವರು ಸುಮ್ಮನೆ ಕೂರಲಿಲ್ಲ. ಮೀನು ಯಾವಾಗ ಹಾರಿತು, ನೀರುನಾಯಿ ಬಂದಾಗ ಏನು ಮಾಡಿತು, ತೇಲಿ ಬಂದ ಎಲೆಗೆ ಯಾವಾಗ ಬಾಯಿ ಹಾಕಿತು, ಎಲ್ಲವನ್ನೂ ದಿನದಿನ ಬರೆದಿಟ್ಟರು. ನನ್ನ ಕುತೂಹಲದ ವಾದಕ್ಕೆ ಬಲ ಬಂದದ್ದು ಆ ಎಲೆಗಳಿಂದಲೇ.

ಇದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿದೆ. ಅವರು ಸ್ವತಃ ನದಿಗೆ ಇಳಿದಾಗ ಕೊಕ್ಕೆಯ ಚೂಪು ತುದಿ ಕತ್ತರಿಸಿದ ಫ್ಲೈ ಹಾಕುತ್ತಿದ್ದರು. ಮೀನು ಏಳುತ್ತದೆ, ಹಿಡಿಯುತ್ತದೆ, ಎಳೆಯುತ್ತದೆ. ಆಮೇಲೆ ತಾನಾಗಿ ಬಿಟ್ಟು ಹೋಗುತ್ತದೆ. ಅವರಿಗೆ ಬೇಕಾಗಿದ್ದು ಅಷ್ಟೇ.

ನಾವು ಹೋದ ದಿನ ಮಡು ತಿಳಿಯಾಗಿತ್ತು. ಮೊದಲು ಬರೀ ಕಲ್ಲು ಕಂಡವು. ಕಣ್ಣು ಹೊಂದಿಕೊಂಡ ಮೇಲೆ ಕಲ್ಲುಗಳು ಅಲುಗಾಡೋಕೆ ಶುರುವಾದವು. ಬೂದು ಬೆನ್ನು, ಅದರ ಕೆಳಗೆ ಇನ್ನೊಂದು, ಅದರ ಪಕ್ಕ ನಾಲ್ಕಾರು. ಎಲ್ಲವೂ ಒಂದೇ ಕಡೆ ಮುಖ ಮಾಡಿ ಸೆಳವಿಗೆ ಎದುರಾಗಿ ನಿಂತಿದ್ದವು. ಒಂದರ ದವಡೆ ಹತ್ತಿರ ಬಿಳಿ ಗಾಯ ಇತ್ತು. ಆಗಾಗ ಯಾವುದೋ ಒಂದು ಪಕ್ಕಕ್ಕೆ ಹೊರಳಿದಾಗ ಹೊಟ್ಟೆ ಮಿಂಚುತ್ತಿತ್ತು. ಅಪ್ಪ ಬಂಡೆ ಮೇಲೆ ಕುಕ್ಕರುಗಾಲಲ್ಲಿ ಕೂತು ಬೆರಳು ಮಡಿಸಿ ಎಣಿಸುತ್ತಿದ್ದರು. ಲೆಕ್ಕ ತಪ್ಪಿತು, ಮತ್ತೆ ಎಣಿಸಿದರು.

ಅಮ್ಮ ಕೇಳಿದರು, “ಶೃಂಗೇರೀಲಿ ಮಂಡಕ್ಕಿ ಹಾಕ್ತಿದ್ವಲ್ಲೇ, ಹಂಗೇ ಇದಾವೆ. ಇವು ಯಾವ ದೇವ್ರ ಮೀನು?”

“ಯಾವ ದೇವ್ರದ್ದೂ ಅಲ್ಲಮ್ಮ. ಇಲ್ಲಿ ಜನಾನೇ ಕಾಯ್ತಾರೆ.”

“ಹಿಡಿಯೋ ಜನಾನೇ?” ಅಂದರು ಅಪ್ಪ.

“ಹೂಂ ಅಪ್ಪ. ಅವ್ರೇ.”

ಅಪ್ಪನಿಗೆ ಅಲ್ಲೇ ಫ್ರಾಂಕ್ ಮೂರ್ ಅವರ ಕತೆ ಹೇಳಿದೆ. ಎರಡನೇ ಮಹಾಯುದ್ಧದಲ್ಲಿ ನಾರ್ಮಂಡಿಯ ದಡದಲ್ಲಿ ಇಳಿದು ಬದುಕಿ ಬಂದವರು. ಆಮೇಲೆ ಹೆಂಡತಿ ಜೀನ್ ಜೊತೆ ಈ ನದಿ ದಡದಲ್ಲಿ ಸ್ಟೀಮ್‌ಬೋಟ್ ಇನ್ ಅನ್ನೋ ವಸತಿಗೃಹ ನಡೆಸಿದರು. ಫ್ಲೈ ಬೀಸೋದರಲ್ಲಿ ಅವರನ್ನು ಮೀರಿಸುವವರು ಕಮ್ಮಿ. 1960ರ ದಶಕದಲ್ಲಿ ಮರ ಕಡಿಯುವವರು ತೊರೆಗಳ ಅಂಚಿನ ತನಕ ಬೋಳು ಮಾಡುತ್ತಿದ್ದರು. ಹೊಳೆಯ ಒಳಗೇ ಟ್ರ್ಯಾಕ್ಟರ್ ಓಡಿಸಿ ದಿಮ್ಮಿ ಎಳೆಯುತ್ತಿದ್ದರು. ನೆರಳು ಹೋಯಿತು, ನೀರು ಬಿಸಿಯಾಯಿತು, ಜಲ್ಲಿಯ ಸಂದಿಯಲ್ಲಿ ಹೂಳು ತುಂಬಿತು. ಮೂರ್ ಸುಮ್ಮನಿರಲಿಲ್ಲ. ಹೊಳೆಗಳ ಗತಿ ತೋರಿಸುವ ಒಂದು ಕಿರುಚಿತ್ರ 1968ರಲ್ಲಿ ತಯಾರಾಯಿತು. ಅದನ್ನು ಹೊತ್ತುಕೊಂಡು ಊರೂರಿಗೆ, ಅಧಿಕಾರಿಗಳ ಬಳಿಗೆ ಹೋದರು. 1971ರಲ್ಲಿ ಓರೆಗಾನ್ ಅರಣ್ಯ ಕಡಿತದ ಮೇಲೆ ನಿಯಮ ಹಾಕುವ ಕಾನೂನು ತಂದಿತು. 2019ರಲ್ಲಿ ಸ್ಟೀಮ್‌ಬೋಟ್ ಕ್ರೀಕ್ ಸುತ್ತಲಿನ ಸುಮಾರು 1,00,000 ಎಕರೆಯನ್ನು ಕಾಡು ಸ್ಟೀಲ್‌ಹೆಡ್‌ಗಾಗಿ ಕಾದಿಡುವ ಕಾನೂನು ಬಂತು. ಆ ಜಾಗಕ್ಕೆ ಫ್ರಾಂಕ್ ಮತ್ತು ಜೀನ್ ಮೂರ್ ಅವರ ಹೆಸರನ್ನೇ ಇಟ್ಟಿದ್ದಾರೆ. ಫ್ರಾಂಕ್ 2022ರಲ್ಲಿ ತೀರಿಕೊಂಡರು, 98 ವರ್ಷದವರಾಗಿ.

ಇಷ್ಟೆಲ್ಲ ಮಾಡಿದರೂ ಮೀನು ಕಮ್ಮಿಯಾಗುತ್ತಲೇ ಇದೆ. ಇದನ್ನು ಬರೆಯೋಕೆ ಕಷ್ಟವಾಗುತ್ತದೆ. 2020ರ ಸೆಪ್ಟೆಂಬರ್‌ನಲ್ಲಿ ಆರ್ಚೀ ಕ್ರೀಕ್ ಬೆಂಕಿ 1,30,000 ಎಕರೆಗೂ ಜಾಸ್ತಿ ಕಾಡನ್ನು ಸುಟ್ಟಿತು. ಫ್ಲೈ ಹಾಕುವ ಭಾಗದ ಎರಡೂ ದಡಗಳಲ್ಲಿ ಮೈಲಿಗಟ್ಟಲೆ ಕರಕಲು ಕಂಬಗಳು ನಿಂತವು. ರಾಕ್ ಕ್ರೀಕ್‌ನ ಮೀನುಮರಿ ಕೇಂದ್ರವೂ ಸುಟ್ಟುಹೋಯಿತು. ಮರುವರ್ಷ ಸಮುದ್ರದಿಂದ ಬಂದ ಬೇಸಿಗೆ ಸ್ಟೀಲ್‌ಹೆಡ್ ಎಷ್ಟು ಕಮ್ಮಿ ಅಂದರೆ, 2021ರ ಆಗಸ್ಟ್‌ನಲ್ಲಿ ರಾಜ್ಯದ ಮೀನು ಮತ್ತು ವನ್ಯಜೀವಿ ಇಲಾಖೆ ಆ ಸಲಕ್ಕೆ ನದಿಯಲ್ಲಿ ಗಾಳ ಹಾಕೋದನ್ನೇ ನಿಲ್ಲಿಸಿತು. ಕಾರಣ ಬೆಂಕಿ ಒಂದೇ ಅಲ್ಲ. ಕಡಲ ನೀರೂ ಬಿಸಿಯಾಗಿ ಅಲ್ಲೂ ತಿನ್ನೋಕೆ ಕಮ್ಮಿಯಾಗಿದೆ. ಅದಕ್ಕೆ ಯಾವ ಮಡುವಿನ ಪಕ್ಕ ಕಾವಲು ಕೂರೋದು?

ಹಾಗಾದರೆ ಪೂರ್ತಿ ನಿಲ್ಲಿಸಿಬಿಡಬೇಕು ಅನ್ನುವವರಿದ್ದಾರೆ. ಅವರ ಮಾತು ತೆಗೆದುಹಾಕುವಂಥದ್ದಲ್ಲ. ಎಷ್ಟೇ ಜೋಪಾನವಾಗಿ ಬಿಟ್ಟರೂ ಕೆಲವು ಮೀನು ಆಮೇಲೆ ಸಾಯುತ್ತವೆ. ನೀರು ಬಿಸಿಯಿದ್ದರೆ ಇನ್ನೂ ಜಾಸ್ತಿ. ಆದರೆ ಯಾರೂ ನದಿಗೆ ಇಳಿಯದೆ ಹೋದರೆ, ನೀರು ಬೆಚ್ಚಗಾಗಿದ್ದು ಯಾರ ಕಾಲಿಗೆ ಗೊತ್ತಾಗಬೇಕು? ದಿಮ್ಮಿ ಎಳೆಯುತ್ತಿದ್ದಾಗ ಮೂರ್ ಎದ್ದು ನಿಂತದ್ದು ಆ ಹೊಳೆಯನ್ನು ಅವರು ಮೊಣಕಾಲು ಮಟ್ಟದ ನೀರಲ್ಲಿ ನಿಂತು ಬಲ್ಲವರಾಗಿದ್ದರಿಂದ. ನನ್ನ ಮಟ್ಟಿಗೆ ದಾರಿ ಸ್ಪೆನ್ಸರ್ ಅವರದ್ದೇ. ಮೀನು ಕಮ್ಮಿಯಿದೆ ಅಂತ ಗೊತ್ತಾದ ವರ್ಷ ಇಕ್ಕಳ ತಗೊಂಡು ಎಲ್ಲ ಕೊಕ್ಕೆಗಳ ತುದಿ ಮುರಿದೆ. ಲೈನು ಭಾರವಾಗೋದು, ಆ ಒಂದು ಸುತ್ತು ಬೆರಳ ಕೆಳಗಿಂದ ಜಾರೋದು, ರೀಲು ಒಂದು ಸಲ ಗುರ್ ಅನ್ನೋದು, ಎಲ್ಲವೂ ಹಾಗೇ ಇದೆ. ಎರಡನೇ ಸಲ ಅನ್ನೋದಿಲ್ಲ, ಅಷ್ಟೇ. ಅದಾಗದೆ ಇರೋದು ನನಗೆ ಬೇಜಾರೇನೂ ಅನ್ನಿಸಿಲ್ಲ. ಗೆಳೆಯರಲ್ಲಿ ಕೆಲವರಿಗೆ ಇದು ರುಚಿಸಿಲ್ಲ. ಅವರು ಬಿಸಿಲಿನ ದಿನ ನೀರು 20 ಡಿಗ್ರಿ ಮುಟ್ಟುವ ಮೊದಲೇ ರಾಡ್ ಮಡಚಿಡುತ್ತಾರೆ. ಅದೂ ಒಳ್ಳೆಯದೇ.

ಪೋರ್ಟ್‌ಲ್ಯಾಂಡ್, ಸಿಯಾಟಲ್ ಕಡೆ ಇರುವ ಕನ್ನಡದವರು ಯಾರಾದರೂ ಇದನ್ನು ಓದಿ ಹೋಗಬೇಕು ಅಂದುಕೊಂಡರೆ, ರಾಡ್ ಕೊಳ್ಳೋಕೆ ಮೊದಲು ಬಿಗ್ ಬೆಂಡ್ ಮಡು ನೋಡಿಬನ್ನಿ. ಆಗಸ್ಟ್ ಅಥವಾ ಸೆಪ್ಟೆಂಬರ್‌ನಲ್ಲಿ ಹೋಗಿ. ಹೊರಡೋ ಮುಂಚೆ ಕಾಡ್ಗಿಚ್ಚಿನ ಸುದ್ದಿ, ರಸ್ತೆ ತೆರೆದಿದೆಯಾ ಅನ್ನೋದು ನೋಡಿಕೊಳ್ಳಿ. ಬಿಸಿಲು ನೆತ್ತಿ ಮೇಲೆ ಬಂದಾಗ ತಳ ಚೆನ್ನಾಗಿ ಕಾಣುತ್ತದೆ. ಪೋಲರೈಸ್ಡ್ ಕನ್ನಡಕ ಇದ್ದರೆ ಇನ್ನೂ ಚೆನ್ನ. ಕಲ್ಲು ಎಸೆಯಬೇಡಿ, ಮಕ್ಕಳನ್ನು ನೀರಿಗೆ ಇಳಿಸಬೇಡಿ. ಮಂಡಕ್ಕಿಯನ್ನಂತೂ ಹಾಕಲೇಬೇಡಿ. ಮೊದಲ ಹತ್ತು ನಿಮಿಷ ಏನೂ ಕಾಣದಿದ್ದರೆ ಎದ್ದು ಬರಬೇಡಿ, ಇನ್ನೂ ಸ್ವಲ್ಪ ಹೊತ್ತು ಕೂರಿ.